ಹೃದಯದ ಎಂಆರ್‌ಐಗೆ ಎನ್‌ಎನ್‌ಯು-ನೆಟ್: ತರಬೇತಿ ಸಲೀಸು, ಬುಡದ ಸ್ಲೈಸ್ ತಲೆನೋವು

ಸಿನೆ ಎಂಆರ್‌ಐ (ಹೃದಯದ ಬಡಿತವನ್ನು ಚಲನಚಿತ್ರದಂತೆ ಸೆರೆಹಿಡಿಯುವ ಸ್ಕ್ಯಾನ್) ಚಿತ್ರಗಳಲ್ಲಿ ಹೃತ್ಕುಕ್ಷಿಗಳ (ಹೃದಯದ ಕೆಳ ಕೋಣೆಗಳ) ಗಡಿಯನ್ನು ತಾನಾಗಿಯೇ ಗುರುತಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಬೇಕೆಂದರೆ ಮೊದಲು ಎನ್‌ಎನ್‌ಯು-ನೆಟ್ ಹಾಕಿ ನೋಡಬಹುದು. ಹೈಡೆಲ್‌ಬರ್ಗ್‌ನ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಕೊಡುಗೆ ಇದು, ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್. ಪ್ಯಾಚ್ ಅಳತೆ (ಒಮ್ಮೆಗೆ ನೋಡುವ ಚಿತ್ರದ ತುಣುಕು), ಬ್ಯಾಚ್ ಗಾತ್ರ (ಒಮ್ಮೆಗೆ ಕಲಿಯುವ ತುಣುಕುಗಳ ಸಂಖ್ಯೆ), ರೀಸ್ಯಾಂಪ್ಲಿಂಗ್ (ಪಿಕ್ಸೆಲ್ ಅಂತರ ಸಮಗೊಳಿಸುವುದು) ಎಲ್ಲವನ್ನೂ ಡೇಟಾ ನೋಡಿ ತಾನೇ ನಿರ್ಧರಿಸುತ್ತದೆ. ತರಬೇತಿಗೆ ಸುಮಾರು 10 ಜಿಬಿ ಮೆಮೊರಿಯ ಜಿಪಿಯು ಸಾಕು. ಆದರೆ ಡೀಫಾಲ್ಟ್ 1000 ಇಪೋಕ್ (ತರಬೇತಿಯ ಸುತ್ತು), ಅದೂ ಐದು ಫೋಲ್ಡ್ (ಡೇಟಾವನ್ನು ಐದು ಬಗೆಯಲ್ಲಿ ಹಂಚಿ ಐದು ಸಲ ತರಬೇತಿ), ತಾಳ್ಮೆ ಬೇಕು.

ಅಭ್ಯಾಸಕ್ಕೆ ಎಸಿಡಿಸಿ ಎಂಬ ಹೃದಯ ಎಂಆರ್‌ಐ ಡೇಟಾ ಒಳ್ಳೆಯದು. ಫ್ರಾನ್ಸಿನ ಡಿಜಾನ್ ಆಸ್ಪತ್ರೆಯ 150 ರೋಗಿಗಳು, ತಲಾ 30ರಂತೆ ಐದು ಗುಂಪು. ಹೃದಯ ಪೂರ್ತಿ ಹಿಗ್ಗಿದ ಮತ್ತು ಪೂರ್ತಿ ಕುಗ್ಗಿದ ಎರಡು ಹಂತಗಳಿಗೆ ಗಡಿ ಎಳೆದುಕೊಟ್ಟಿದ್ದಾರೆ. ಮೊದಲ ಹಳ್ಳ ಇರುವುದು ಇಲ್ಲೇ. ಒಬ್ಬ ರೋಗಿಯ ಎರಡು ಹಂತಗಳನ್ನು ಸಾಫ್ಟ್‌ವೇರ್ ಎರಡು ಬೇರೆ ಕೇಸ್ ಎಂದೇ ಎಣಿಸುತ್ತದೆ. ಹಂಚಿಕೆಯನ್ನು ಅದಕ್ಕೇ ಬಿಟ್ಟರೆ ಒಂದು ಹಂತ ತರಬೇತಿಗೆ, ಇನ್ನೊಂದು ಪರೀಕ್ಷೆಗೆ ಹೋಗಿ ಅಂಕ ಸುಳ್ಳೇ ಉಬ್ಬುತ್ತದೆ. ಹಂಚಿಕೆಯನ್ನು ಹೇಳುವ ಸ್ಪ್ಲಿಟ್ಸ್ ಫೈಲನ್ನು ರೋಗಿವಾರು ವಿಂಗಡಿಸಿ ನೀವೇ ಬರೆದಿಡಿ.

ನಿಜವಾದ ಗೋಳು ಬುಡದ ಸ್ಲೈಸಿನದು, ಅಂದರೆ ಹೃತ್ಕುಕ್ಷಿ ಮುಗಿದು ಹೃತ್ಕರ್ಣ (ಮೇಲಿನ ಕೋಣೆ) ಶುರುವಾಗುವ ಕಡೆಯ ಅಡ್ಡಪದರದ ಚಿತ್ರದ್ದು. ಸಂಕೋಚನದಲ್ಲಿ ಈ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಮಟ್ಟ ಹೃದಯದ ತುದಿಯತ್ತ ಇಳಿಯುತ್ತದೆ, ಆರೋಗ್ಯವಂತರಲ್ಲಿ ಒಂದು ಸೆಂ.ಮೀ.ಗೂ ಮಿಕ್ಕಿ. ಹಿಗ್ಗಿದಾಗ ಹೃತ್ಕುಕ್ಷಿಯಲ್ಲಿದ್ದ ಸ್ಲೈಸ್ ಕುಗ್ಗಿದಾಗ ಹೃತ್ಕರ್ಣದಲ್ಲಿರುತ್ತದೆ. ಎರಡರಲ್ಲೂ ಕಾಣುವುದು ಬಿಳಿ ರಕ್ತವೇ, ನೆಟ್‌ವರ್ಕ್ ಮೋಸಹೋಗುತ್ತದೆ. ಲೆಕ್ಕ ಹಾಕಿ: ಹಿಗ್ಗಿದಾಗ 140 ಮಿ.ಲೀ., ಕುಗ್ಗಿದಾಗ 60 ಮಿ.ಲೀ. ಇದ್ದರೆ ಎಜೆಕ್ಷನ್ ಫ್ರ್ಯಾಕ್ಷನ್ (ಒಂದು ಬಡಿತದಲ್ಲಿ ಹೊರಹೋಗುವ ರಕ್ತದ ಪಾಲು) ಶೇ. 57. ಹೃತ್ಕರ್ಣದ 15 ಮಿ.ಲೀ.ನ ಒಂದೇ ಸ್ಲೈಸ್ ಸೇರಿಕೊಂಡರೆ 60 ಹೋಗಿ 75, ಫ್ರ್ಯಾಕ್ಷನ್ ಶೇ. 46! ಮಿಕ್ಕ ಸ್ಲೈಸ್‌ಗಳೆಲ್ಲ ಕರಾರುವಾಕ್ಕಾಗಿದ್ದರೆ ಆ ಹಂತದ ಡೈಸ್ ಅಂಕ (ಎರಡು ಗಡಿಗಳು ಎಷ್ಟು ಹೊಂದುತ್ತವೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) ಆಗಲೂ 0.89. ಕೋಷ್ಟಕದಲ್ಲಿ ಡೈಸ್ ಮಾತ್ರ ತೋರಿಸುವವರನ್ನು ನಂಬಬೇಡಿ, ಮಿ.ಲೀ. ವ್ಯತ್ಯಾಸ ಕೇಳಿ. ಉದ್ದ ಅಕ್ಷದ (ಹೃದಯವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ) ಚಿತ್ರದಲ್ಲಿ ಕವಾಟದ ಮಟ್ಟ ಗುರುತಿಸಿ, ಅದರಾಚೆಗಿನ ಗಡಿಗಳನ್ನು ಕೈಯಾರೆ ಅಳಿಸುವುದೇ ಸದ್ಯಕ್ಕೆ ಗಟ್ಟಿ ದಾರಿ.

ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಚಿತ್ರಗಳನ್ನು ಡೈಕಾಮ್‌ನಿಂದ (ಸ್ಕ್ಯಾನರ್ ಕೊಡುವ ಫೈಲ್ ರೂಪ) ನಿಫ್ಟಿಗೆ (ಸಾಫ್ಟ್‌ವೇರ್ ಓದುವ ಫೈಲ್ ರೂಪ) ಬದಲಿಸುವಾಗ ಸ್ಲೈಸ್‌ಗಳ ನಡುವಿನ ಅಂತರದ ಜಾಗದಲ್ಲಿ ಸ್ಲೈಸ್ ದಪ್ಪ ಕೂತುಬಿಡಬಹುದು. ದಪ್ಪ 8 ಮಿ.ಮೀ., ನಡುವೆ 2 ಮಿ.ಮೀ. ಖಾಲಿ ಇದ್ದರೆ ಅಂತರ 10. ಅಲ್ಲಿ 8 ಬಿದ್ದರೆ ಗಾತ್ರವೆಲ್ಲ ಶೇ. 20 ಕಡಿಮೆ. ಫ್ರ್ಯಾಕ್ಷನ್ ಅನುಪಾತವಾದ್ದರಿಂದ ಅದರಲ್ಲಿ ತಪ್ಪು ಕಾಣುವುದೇ ಇಲ್ಲ. ಮಿ.ಲೀ. ಗಾತ್ರವನ್ನೋ ಸ್ನಾಯುವಿನ ತೂಕವನ್ನೋ (ಗಾತ್ರ ಗುಣಿಸು ಸಾಂದ್ರತೆ 1.05) ನೋಡಿದಾಗ ಮಾತ್ರ ಬಯಲಾಗುತ್ತದೆ. ಪ್ರತಿ ಸ್ಲೈಸಿನ ಸ್ಥಾನದ ನಿರ್ದೇಶಾಂಕದಿಂದಲೇ ಅಂತರ ಲೆಕ್ಕಹಾಕಿ ತಾಳೆ ನೋಡಿ.

2ಡಿ (ಒಂದೊಂದೇ ಸ್ಲೈಸ್ ನೋಡುವುದು), 3ಡಿ (ಸ್ಲೈಸ್‌ಗಳನ್ನು ಒಟ್ಟಿಗೆ ನೋಡುವುದು) ಎರಡೂ ಮಾದರಿಗಳನ್ನು ತರಬೇತಿ ಮಾಡಿ ಫಲಿತಾಂಶ ಬೆರೆಸುವುದು ಒಳ್ಳೆಯದು. ಸ್ಲೈಸಿನೊಳಗೆ ಪಿಕ್ಸೆಲ್ ಒಂದೂವರೆ ಮಿ.ಮೀ. ಆಸುಪಾಸು, ಸ್ಲೈಸ್‌ಗಳ ನಡುವೆ 10 ಮಿ.ಮೀ.ವರೆಗೆ, ಹೀಗಾಗಿ 3ಡಿಗೆ ಪಕ್ಕದ ಸ್ಲೈಸಿನಿಂದ ಸಿಗುವ ಸುಳಿವು ಕಮ್ಮಿಯೇ.

ಬೇರೆ ಕಂಪನಿಯ ಸ್ಕ್ಯಾನರ್ ಚಿತ್ರ ಕೊಟ್ಟರೆ ನಿಖರತೆ ಕುಸಿಯಬಹುದು, ತೆಳು ಗೋಡೆಯ ಬಲ ಹೃತ್ಕುಕ್ಷಿಯಲ್ಲಂತೂ ಇನ್ನೂ ಬೇಗ. ಎಸಿಡಿಸಿಯಲ್ಲಿ ಪ್ಯಾಪಿಲ್ಲರಿ ಸ್ನಾಯುಗಳನ್ನು (ಗೋಡೆಯಿಂದ ಒಳಗೆ ಚಾಚಿ ಕವಾಟವನ್ನು ಹಿಡಿದಿರುವ ಸಣ್ಣ ಸ್ನಾಯುಗಳು) ಕುಹರದೊಳಗೇ ಸೇರಿಸಿದ್ದಾರೆ. ನಿಮ್ಮ ಕೇಂದ್ರದಲ್ಲಿ ಅವನ್ನು ಗೋಡೆಯ ಲೆಕ್ಕಕ್ಕೆ ಹಾಕುವ ರೂಢಿಯಿದ್ದರೆ ಇದರ ಮೇಲೆ ಕಲಿತ ಮಾದರಿಯ ತೂಕ ಸದಾ ಕಡಿಮೆ ಬರುತ್ತದೆ; ತರಬೇತಿಯ ಗಡಿಗಳನ್ನೇ ತಿದ್ದಬೇಕು.