ಬ್ರೋಕ್‌ಬ್ಯಾಕ್ ಮೌಂಟನ್ ನೋಡೋದಾ, ಕ್ರ್ಯಾಶ್ ನೋಡೋದಾ?

ಭಾನುವಾರ ರಾತ್ರಿ ಬೆಳಗಾವಿಯ ಟಿಳಕವಾಡಿಯ ನಮ್ಮ ರೂಮಿನಲ್ಲಿ ಇದೇ ಜಗಳ. ಪೇಪರಿನ ಮೇಲೆ ಗಿರ್ಮಿಟ್, ಮೂವರಿಗೆ ಒಂದೇ ಚಮಚ. ಒಂದೇ ಸಿನಿಮಾಕ್ಕೆ ಟೈಮಿದೆ.

"ಆಸ್ಕರ್ ಬಂದದ್ದು ಕ್ರ್ಯಾಶ್‌ಗೆ ಅಲ್ವಾ?" ಎಂದ ದೋಸ್ತ. ನಿಜ, 2006ರಲ್ಲಿ ಅತ್ಯುತ್ತಮ ಚಿತ್ರ ಅದೇ. ಬ್ರೋಕ್‌ಬ್ಯಾಕ್‌ಗೆ ನಿರ್ದೇಶನ (ಆಂಗ್ ಲೀ), ಚಿತ್ರಕಥೆ, ಸಂಗೀತ ಸೇರಿ ಮೂರು ಬಂದವು. ಆದರೆ ಗಲ್ಲಾಪೆಟ್ಟಿಗೆಯ ಲೆಕ್ಕವೇ ಬೇರೆ. ಬ್ರೋಕ್‌ಬ್ಯಾಕ್ ಇಬ್ಬರು ಗಂಡಸರ ಪ್ರೀತಿಯ ಕಥೆ. 2005ರ ಡಿಸೆಂಬರ್‌ನಲ್ಲಿ ಅಮೆರಿಕದ ಬರೀ 5 ಥಿಯೇಟರ್‌ಗಳಲ್ಲಿ ಶುರುವಾಗಿ, ನಿಧಾನಕ್ಕೆ ಊರೂರಿಗೆ ಹಬ್ಬಿತು. ಸುಮಾರು 1.4 ಕೋಟಿ ಡಾಲರ್ ಹಾಕಿದ್ದರು, ಜಗತ್ತಿನಾದ್ಯಂತ ಬಂದದ್ದು 17 ಕೋಟಿಗೂ ಜಾಸ್ತಿ. ಕ್ರ್ಯಾಶ್ 10 ಕೋಟಿಯ ಆಸುಪಾಸು. ಅದರ ಖರ್ಚು ಇನ್ನೂ ಕಡಿಮೆ, ಅದನ್ನೂ ಹೇಳಬೇಕು. ಅದೇ ವರ್ಷ ಅತ್ಯುತ್ತಮ ಚಿತ್ರದ ರೇಸಿನಲ್ಲಿದ್ದ ಇನ್ನೊಂದು ಸಿನಿಮಾ ಮ್ಯೂನಿಕ್‌ಗೆ ಸುಮಾರು 7 ಕೋಟಿ ಸುರಿದರೂ ಗಳಿಕೆಯಲ್ಲಿ ಬ್ರೋಕ್‌ಬ್ಯಾಕ್‌ನ ಹಿಂದೆಯೇ.

ದುಡ್ಡು ಬಿಡಿ. ಕ್ರ್ಯಾಶ್‌ನಲ್ಲಿ ಲಾಸ್ ಏಂಜಲೀಸ್‌ನ ತುಂಬಾ ಜನ, ಒಂದರ ಹಿಂದೊಂದು ಘಟನೆ, ಜೋರು ಮಾತು. ಬ್ರೋಕ್‌ಬ್ಯಾಕ್‌ನಲ್ಲಿ ಗುಡ್ಡ, ಕುರಿ, ಬಾಯಿಬಿಡದ ಇಬ್ಬರು. ಕೊನೆಗೆ ಒಂದರೊಳಗೊಂದು ತೂಗಿಹಾಕಿದ ಎರಡು ಅಂಗಿ. ಸುಮ್ನೆ ನೋಡಿ, ಗಿರ್ಮಿಟ್ ತಿನ್ನೋಕೆ ಮನಸ್ಸು ಬರಲ್ಲ.

ನನ್ನ ಓಟು ಬ್ರೋಕ್‌ಬ್ಯಾಕ್‌ಗೆ. ಪಕ್ಕದಲ್ಲಿ ಆಕಳಿಸುವ ದೋಸ್ತನಿದ್ದರೆ ಮಾತ್ರ ಕ್ರ್ಯಾಶ್ ಹಾಕಿ.