ಮರಿಗಳ ಕಾವಿಗೆ ಯಾವ ಸಾಮಾನು: ಕೆಂಪು ಬಲ್ಬು, ಸೆರಾಮಿಕ್ಕು, ಹೀಟ್ ಪ್ಲೇಟು, ರೆಡಿಮೇಡ್ ಪೆಟ್ಟಿಗೆ

ಆನ್‌ಲೈನಿನಲ್ಲಿ ‘ಬ್ರೂಡರ್ ಬಾಕ್ಸ್’ ಅಂತ ಮಾರುವ, ಮುಚ್ಚಳಕ್ಕೇ ಬಲ್ಬು ಕೂರಿಸಿದ, ಎರಡಡಿ ಉದ್ದ ಒಂದೂವರೆ ಅಡಿ ಅಗಲದ ಪೆಟ್ಟಿಗೆಯನ್ನು ಕೊಳ್ಳಬೇಡಿ. ತೀರ್ಪು ಮೊದಲೇ ಹೇಳಿಬಿಟ್ಟೆವು, ಕಾರಣ ಈಗ.

ಹೇಂಟೆಯ ಹತ್ತಿರ ಬೆಳೆಯುವ ಮರಿ ಇಡೀ ದಿನ ರೆಕ್ಕೆಯಡಿ ಇರುವುದಿಲ್ಲ. ಚಳಿಯಾದಾಗ ನುಗ್ಗುತ್ತದೆ, ಮೈ ಕಾದ ಮೇಲೆ ಹೊರಗೆ ಬಂದು ಕೆದಕುತ್ತದೆ, ನೀರು ಕುಡಿಯುತ್ತದೆ. ಬ್ರೂಡರ್ ಅಂದರೆ ಇಷ್ಟೇ: ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು, ಎಲ್ಲಿರಬೇಕು ಅನ್ನುವುದು ಮರಿಗೆ ಬಿಟ್ಟದ್ದು. ಆ ಪುಟ್ಟ ಪೆಟ್ಟಿಗೆಯಲ್ಲಿ ತಂಪಿನ ಕಡೆಯೇ ಇಲ್ಲ. ಬಿಸಿ ನೋಡಿ ತಾನೇ ಹಚ್ಚಿ ಆರಿಸುವ ಥರ್ಮೋಸ್ಟಾಟ್ ಮೂಲೆಮೂಲೆಯನ್ನೂ 35 ಡಿಗ್ರಿಗೆ ಹಿಡಿದಿಡುತ್ತದೆ. ಇನ್‌ಕ್ಯುಬೇಟರಿಗೆ ಎಲ್ಲ ಕಡೆ ಒಂದೇ ಬಿಸಿ ಸರಿ, ಮೊಟ್ಟೆ ಎದ್ದು ಓಡುವುದಿಲ್ಲ. ಮರಿಗೆ ಸೆಕೆಯಾದರೆ ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಮೈಯ ನೀರು ಆರುತ್ತದೆ, ಹಿಂಭಾಗದಲ್ಲಿ ಹಿಕ್ಕೆ ಅಂಟಿ ಗಟ್ಟಿಯಾಗಿ ದ್ವಾರವೇ ಮುಚ್ಚಿಕೊಳ್ಳುತ್ತದೆ. ಮುಚ್ಚಳ ಹಾಕಿದ್ದರೆ ಹಿಕ್ಕೆಯಿಂದೇಳುವ ಅಮೋನಿಯಾ ಘಾಟು ಬೇರೆ. ಪೆಟ್ಟಿಗೆಯ ಮೇಲೆ ‘50 ಮರಿಗಳಿಗೆ’ ಅಂತ ಬರೆದಿರುತ್ತದೆ. ಐವತ್ತು ಮರಿ ನಿಲ್ಲಬಹುದು, ಬದುಕಲು ಜಾಗವಿಲ್ಲ.

ಹಾಗಾಗಿ ಕೊಳ್ಳಬೇಕಾದ್ದು ಶಾಖದ ಸಾಮಾನು ಮಾತ್ರ. ಆವರಣ ನೀವೇ ಮಾಡಿ. 18 ಇಂಚು ಎತ್ತರದ ತಗಡು ಅಥವಾ ದಪ್ಪ ರಟ್ಟನ್ನು ದುಂಡಗೆ ಬಳಸಿ ನಿಲ್ಲಿಸಿದರೆ ಚಿಕ್ ಗಾರ್ಡ್ ಆಯಿತು. ಮೂಲೆ ಇರಬಾರದು, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಅಡಿಯ ಮರಿ ಉಸಿರುಗಟ್ಟಿ ಸಾಯುತ್ತದೆ. ಇಪ್ಪತ್ತೈದು ಮರಿಗೆ ನಾಲ್ಕಡಿ ವ್ಯಾಸ ಸಾಕು, ಮೂರು ನಾಲ್ಕು ದಿನಕ್ಕೊಮ್ಮೆ ಹಿಗ್ಗಿಸುತ್ತ ಹೋಗಿ. ಕೆಳಗೆ ಎರಡು ಮೂರು ಇಂಚು ಒಣ ಭತ್ತದ ಹೊಟ್ಟು. ಮೊದಲ ಎರಡು ಮೂರು ದಿನ ಅದರ ಮೇಲೆ ಸುಕ್ಕುಗಟ್ಟಿದ ರಟ್ಟು ಅಥವಾ ಗೋಣಿ ಹಾಸಿ, ಮರಿ ಹೊಟ್ಟನ್ನೇ ಮೇವು ಅಂದುಕೊಂಡು ತಿನ್ನಬಾರದಲ್ಲ. ನುಣುಪು ಪೇಪರ್ ಮಾತ್ರ ಬೇಡ, ಕಾಲು ಜಾರಿ ಎರಡೂ ಪಕ್ಕಕ್ಕೆ ಅಗಲಿಸಿಕೊಂಡ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ.

ಲೆಕ್ಕ ಹೀಗೆ. ಕೋಳಿಮರಿಗೆ ಮೊದಲ ವಾರ ಬಿಸಿ ಜಾಗದ ಅಂಚಿನಲ್ಲಿ, ಮರಿಯ ಬೆನ್ನಿನ ಮಟ್ಟದಲ್ಲಿ, 33ರಿಂದ 35 ಡಿಗ್ರಿ ಸೆಲ್ಸಿಯಸ್. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುವುದು. ಬಾತುಮರಿಗೆ ಶುರುವೇ 30–32, ಇಳಿಕೆಯೂ ಬೇಗ. ಇದು ಕೇವಲ ಅಂಕಿ. ಅಂಕಿಗಿಂತ ಮರಿಯ ಮಾತು ನಿಜ: ದೀಪದ ಕೆಳಗೆ ಗುಂಪುಗೂಡಿ ಕೀಚ್ ಕೀಚ್ ಅಂತ ಕೂಗಿದರೆ ಚಳಿ, ಅಂಚಿಗೆ ಹೋಗಿ ರೆಕ್ಕೆ ಬಿಚ್ಚಿ ಬಿದ್ದಿದ್ದರೆ ಸೆಕೆ, ಎಲ್ಲವೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿದ್ದರೆ ಎದುರು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು ಕೆಲವು ತಿನ್ನುತ್ತ, ಕೆಲವು ಕುತ್ತಿಗೆ ಚಾಚಿ ಮಲಗಿದ್ದರೆ ಏನನ್ನೂ ಮುಟ್ಟಬೇಡಿ.

ಈಗ ಸಾಮಾನಿಗೆ ಬರೋಣ. ಹೆಚ್ಚು ಬಳಕೆಯಲ್ಲಿರುವುದು, ಹೆಚ್ಚು ಬೆಂಕಿ ಹಚ್ಚಿರುವುದು ಎರಡೂ ಒಂದೇ: ಕೆಂಪು ಗಾಜಿನ ಇನ್‌ಫ್ರಾರೆಡ್ ಬಲ್ಬು. 150 ಮತ್ತು 250 ವ್ಯಾಟಿನಲ್ಲಿ ಸಿಗುತ್ತದೆ. ಇದು ಗಾಳಿಯನ್ನು ಬಿಸಿ ಮಾಡುವುದಕ್ಕಿಂತ ಬಿಸಿಲಿನ ಹಾಗೆ ನೆಲವನ್ನೂ ಮರಿಯ ಬೆನ್ನನ್ನೂ ನೇರವಾಗಿ ಕಾಯಿಸುತ್ತದೆ. ಗಾಳಿಯಾಡುವ ಶೆಡ್ಡಿನಲ್ಲೂ, ಆರಿದ್ರಾ ಮಳೆ ಹಿಡಿದ ಮಲೆನಾಡಿನ ಕೊಟ್ಟಿಗೆಯಲ್ಲೂ ಕೆಲಸ ಮಾಡುವುದು ಈ ಗುಣದಿಂದಲೇ. ಕೆಂಪು ಬೆಳಕಿನಲ್ಲಿ ಒಂದನ್ನೊಂದು ಕುಕ್ಕುವುದೂ ಕಡಿಮೆ. ಹೊಟ್ಟಿನಿಂದ 18ರಿಂದ 20 ಇಂಚು ಮೇಲೆ ತೂಗುಹಾಕಿ, ವಾರಕ್ಕೆ ಎರಡು ಮೂರು ಇಂಚು ಏರಿಸುತ್ತ ಹೋದರೆ ಬೇರೆ ಥರ್ಮೋಸ್ಟಾಟೇ ಬೇಡ, ಸರಪಳಿಯೇ ಥರ್ಮೋಸ್ಟಾಟು.

ತೊಂದರೆ ಇರುವುದು ಹೋಲ್ಡರಿನಲ್ಲಿ. ನಮ್ಮ ಮನೆಗಳ ಗುಂಡು ಬಲ್ಬು ಪಿನ್ನಿನದು, ಇನ್‌ಫ್ರಾರೆಡ್ ಬಲ್ಬು ತಿರುಪಿನದು. ಅಂಗಡಿಯವರು ‘ಅಡಾಪ್ಟರ್ ಹಾಕಿಕೊಳ್ಳಿ ಸಾರ್’ ಅಂತ ಪ್ಲಾಸ್ಟಿಕ್ಕಿನದೊಂದನ್ನು ಕೈಗಿಡುತ್ತಾರೆ. ಎಲ್‌ಇಡಿಗೆ ಅದು ಸಾಕು, 250 ವ್ಯಾಟಿನ ಬಲ್ಬಿಗೆ ಅದು ಮೇಣ. 250 ವ್ಯಾಟಿಗೆ ಹರಿಯುವ ಕರೆಂಟು ಒಂದು ಆಂಪಿಯರ್ ಚಿಲ್ಲರೆ ಅಷ್ಟೇ, ತೆಳ್ಳನೆ ವೈರೂ ತಡೆಯುತ್ತದೆ. ವೈರನ್ನು ಸುಡುವುದು ಕರೆಂಟಲ್ಲ, ಬಲ್ಬಿನ ಬುಡದಿಂದ ಮೇಲೇರುವ ಬಿಸಿ. ಹೋಲ್ಡರಿನ ಹತ್ತಿರ ವೈರಿನ ಪಿವಿಸಿ ಹೊದಿಕೆ ಮೊದಲು ಬಿರುಸಾಗುತ್ತದೆ, ಬಿರುಕು ಬಿಡುತ್ತದೆ, ತಾಮ್ರ ಹೊರಗೆ ಬರುತ್ತದೆ, ಕಿಡಿ ಹಾರುತ್ತದೆ. ಕೆಳಗಿರುವುದು ಒಣ ಹೊಟ್ಟು. ಆದ್ದರಿಂದ ತಿರುಪಿನ ಪಿಂಗಾಣಿ ಹೋಲ್ಡರು, ಬುಡದಿಂದ ಒಂದಡಿಯವರೆಗೆ ವೈರಿಗೆ ತೊಡಿಸುವ, ಬಿಸಿ ತಡೆಯುವ ಗ್ಲಾಸ್ ಫೈಬರ್ ಕವಚ, ಮುಂದೆ ತಂತಿಯ ಬಲೆಯಿರುವ ಅಲ್ಯೂಮಿನಿಯಂ ರಿಫ್ಲೆಕ್ಟರು, ಇಷ್ಟನ್ನು ಬಲ್ಬಿನ ಜೊತೆಗೇ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಭಾರ ಸರಪಳಿಯ ಮೇಲಿರಬೇಕು, ವೈರಿನ ಮೇಲಲ್ಲ. ಬೇರೊಂದು ಮೊಳೆಗೆ ಇನ್ನೊಂದು ತಂತಿಯ ಕಟ್ಟೂ ಇರಲಿ, ಒಂದು ಕಳಚಿದರೆ ಇನ್ನೊಂದು ಹಿಡಿಯುತ್ತದೆ. ಕ್ಲಿಪ್ಪು ಹಾಕಿ ರಟ್ಟಿಗೆ ಸಿಕ್ಕಿಸುವ ದೀಪಗಳಿಗೆ ನಮ್ಮಿಂದ ಸೊನ್ನೆ ಅಂಕ.

ಇನ್ನೊಂದು ಮುಖ್ಯ ವಿಷಯ. ‘ಒಡೆದರೂ ಚೂರಾಗದು’ ಎಂದು ಮಾರುವ ಕೆಲವು ಬಲ್ಬುಗಳ ಗಾಜಿಗೆ ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ತವೆಗೆ ಬಳಿಯುವ ಪದಾರ್ಥದ ಲೇಪವಿರುತ್ತದೆ. ಅದು ಕಾದಾಗ ಬರುವ ಹೊಗೆ ನಮ್ಮ ಕಣ್ಣಿಗೂ ಮೂಗಿಗೂ ಗೊತ್ತಾಗುವುದಿಲ್ಲ, ಹಕ್ಕಿಯ ಶ್ವಾಸಕೋಶ ಮಾತ್ರ ತಡೆಯುವುದಿಲ್ಲ. ರಾತ್ರಿ ಕಳೆಯುವುದರೊಳಗೆ ಬ್ರೂಡರ್ ಖಾಲಿ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, ಸಾದಾ ಗಟ್ಟಿ ಗಾಜಿನದನ್ನೇ ತನ್ನಿ.

250 ವ್ಯಾಟು ದಿನಕ್ಕೆ 6 ಯೂನಿಟ್ ತಿನ್ನುತ್ತದೆ, ಮೂರು ವಾರಕ್ಕೆ 126. ನೂರರ ಹತ್ತಿರ ಮರಿಯಿದ್ದರೆ ನ್ಯಾಯ. ಇಪ್ಪತ್ತೈದಕ್ಕೆ ಅದು ದುಂದು, ಸಾಲದ್ದಕ್ಕೆ ನಾಲ್ಕಡಿಯ ಗಾರ್ಡಿನಲ್ಲಿ ತಂಪಿನ ಕಡೆಯನ್ನೇ ಅಳಿಸಿಹಾಕುತ್ತದೆ. 150 ತನ್ನಿ. ಮರಿಗೆ ಎರಡು ವ್ಯಾಟು ಅನ್ನುವ ಹಳೆಯ ಲೆಕ್ಕ ನೂರಿನ್ನೂರು ಮರಿಯ ಗುಂಪಿಗೆ ಹೊಂದುತ್ತದೆ. ಹತ್ತು ಮರಿಗೆ ಇಪ್ಪತ್ತು ವ್ಯಾಟಿನ ಬಲ್ಬು ಹಾಕಿದರೆ ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಸತ್ತ ಮರಿ ಎಣಿಸಬೇಕಾಗುತ್ತದೆ.

ಸೆರಾಮಿಕ್ ಹೀಟರು ನೋಡಲು ಬುಗುರಿಯ ಹಾಗೆ, ಅದೇ ತಿರುಪಿನ ಹೋಲ್ಡರಿಗೆ ಕೂರುತ್ತದೆ. ಆಮೆ, ಹಲ್ಲಿ ಸಾಕುವವರ ಅಂಗಡಿಗಳಲ್ಲಿ ಸಿಗುವುದೂ ಇದೇ. ಬೆಳಕಿಲ್ಲ, ಹಾಗಾಗಿ ಮರಿಗೆ ರಾತ್ರಿ ರಾತ್ರಿಯಾಗಿಯೇ ಇರುತ್ತದೆ. ಫಿಲಮೆಂಟ್ ಇಲ್ಲ, ಹೆಚ್ಚು ಬಾಳುತ್ತದೆ. ದೋಷವೂ ಬೆಳಕಿಲ್ಲದಿರುವುದೇ: ಸತ್ತಿದೆಯೋ ಉರಿಯುತ್ತಿದೆಯೋ ಕಂಡು ತಿಳಿಯುವಂತಿಲ್ಲ. ಮುಟ್ಟಿ ನೋಡಲು ಹೋದರೆ ಬೆರಳು ಹೋಯಿತು, ಆರಿಸಿ ಹತ್ತು ನಿಮಿಷವಾದರೂ ಸುಡುತ್ತದೆ. ಡಬ್ಬಿಯ ಮೇಲೆ ಬರೆದ ವ್ಯಾಟು ನಿಜವೇ ಅಂತ ಅಂಗಡಿಯಲ್ಲೇ ಪರೀಕ್ಷಿಸಬಹುದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಬುಡದ ತುದಿಗೂ ತಿರುಪಿಗೂ ಹಿಡಿಯಿರಿ. 230 ವೋಲ್ಟಿನ 100 ವ್ಯಾಟಿಗೆ ಸುಮಾರು 530 ಓಮ್ ಬರಬೇಕು. 880ರ ಹತ್ತಿರ ಬಂದರೆ ನಿಮ್ಮ ಕೈಯಲ್ಲಿರುವುದು 60 ವ್ಯಾಟು. ಬಲ್ಬಿಗೆ ಈ ಉಪಾಯ ನಡೆಯದು, ತಣ್ಣಗಿರುವ ಫಿಲಮೆಂಟಿನ ಓಮ್ ಬಹಳ ಕಡಿಮೆ ತೋರಿಸುತ್ತದೆ. ಬಲ್ಬಿಗಾದರೆ ಮನೆಯ ಮೀಟರನ್ನೇ ನೋಡಿ: ಯೂನಿಟ್ಟಿಗೆ 3200 ಮಿಣುಕು ಎಂದು ಬರೆದಿರುವ ಮೀಟರಿನಲ್ಲಿ, ಮನೆಯ ಬೇರೆಲ್ಲ ಆರಿಸಿದಾಗ, 150 ವ್ಯಾಟು ನಿಮಿಷಕ್ಕೆ ಎಂಟು ಸಲ ಮಿಣುಕಬೇಕು.

ಥರ್ಮೋಸ್ಟಾಟು ಹಾಕುವುದಾದರೆ ಸೆರಾಮಿಕ್ಕಿಗೆ ಹಾಕಿ. ಬಲ್ಬಿಗೆ ಹಾಕಿದರೆ ಶಾಖ ನಿಂತಾಗಲೆಲ್ಲ ಬೆಳಕೂ ನಿಂತು, ಕತ್ತಲಲ್ಲಿ ಮರಿ ಗಾಬರಿಯಾಗಿ ಗುಪ್ಪೆಯಾಗುತ್ತವೆ. ಇನ್‌ಕ್ಯುಬೇಟರಿನವರು ಬಳಸುವ ಅಗ್ಗದ ಡಿಜಿಟಲ್ ಮಾಡ್ಯೂಲು ಇಲ್ಲಿಗೂ ಆಗುತ್ತದೆ, ಕಷ್ಟವಿರುವುದು ಅದರ ಪ್ರೋಬಿನಲ್ಲಿ, ಅಂದರೆ ಬಿಸಿ ಅಳೆಯುವ ತಂತಿಯ ತುದಿಯಲ್ಲಿ. ದೀಪದ ನೇರ ಕೆಳಗಿಟ್ಟರೆ ಲೋಹದ ತುದಿ ತಾನೇ ಕಾದು ಇಲ್ಲದ ಬಿಸಿಯನ್ನು ತೋರಿಸುತ್ತದೆ. ಬಿಸಿ ಜಾಗದ ಅಂಚಿನಲ್ಲಿ, ನೆಲದಿಂದ ಎರಡಿಂಚು ಮೇಲೆ, ಎರಡು ಕಡೆ ಕಟ್ಟಿ. ಎರಡು ಕಡೆ ಯಾಕೆಂದರೆ, ಪ್ರೋಬು ಜಾರಿ ಗಾರ್ಡಿನ ಹೊರಗೆ ಬಿದ್ದರೆ ಅದು ಕೋಣೆಯ 24 ಡಿಗ್ರಿಯನ್ನೇ ನೋಡುತ್ತ ಕೂರುತ್ತದೆ, ಹೀಟರು ಆರುವುದೇ ಇಲ್ಲ.

ಹೀಟ್ ಪ್ಲೇಟಿನ ಬಗ್ಗೆ ಬಂದಷ್ಟು ಕೆಟ್ಟ ರಿವ್ಯೂಗಳು ಬೇರಾವುದಕ್ಕೂ ಬಂದಿಲ್ಲ, ಅರ್ಧಕ್ಕರ್ಧ ಅನ್ಯಾಯದವು. ನಾಲ್ಕು ಕಾಲಿನ ಮಣೆಯಂಥ ವಸ್ತು, ಅಡಿಭಾಗ ಬೆಚ್ಚಗಿರುತ್ತದೆ, ಮರಿ ಕೆಳಗೆ ನುಸುಳಿ ಬೆನ್ನು ತಗುಲಿಸಿಕೊಂಡು ಮಲಗುತ್ತದೆ. ಹೇಂಟೆಗೆ ಇದಕ್ಕಿಂತ ಹತ್ತಿರದ ಸಾಮಾನಿಲ್ಲ. ಜನ ಅದರಡಿ ಥರ್ಮಾಮೀಟರ್ ಇಟ್ಟು, 35 ತೋರಿಸಲಿಲ್ಲ, ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ. ಅದು ಗಾಳಿ ಕಾಯಿಸುವುದೇ ಇಲ್ಲ, ಮೈ ಕಾಯಿಸುತ್ತದೆ. ಅಂಗೈ ಒತ್ತಿ ಹಿಡಿದಾಗ ಬಿಸಿ ಗೊತ್ತಾಗಿ ಸುಡದಿದ್ದರೆ ಸರಿಯಿದೆ ಅಂತಲೇ ಅರ್ಥ. ಅಡಿ ಉದ್ದ ಅಡಿ ಅಗಲದ್ದು ಸುಮಾರು 22 ವ್ಯಾಟು, ದಿನಕ್ಕೆ ಅರ್ಧ ಯೂನಿಟ್. ಪೆಟ್ಟಿಗೆಯ ಮೇಲೆ 20 ಮರಿ ಅಂತಿದ್ದರೆ ಹದಿನೈದು ಅಂದುಕೊಳ್ಳಿ, ಎರಡನೇ ವಾರಕ್ಕೇ ಅವು ದಪ್ಪಗಾಗುತ್ತವೆ.

ಎತ್ತರ ಹೊಂದಿಸುವುದರಲ್ಲೇ ಎಲ್ಲ ಇದೆ. ನಿಂತ ಮರಿಯ ಬೆನ್ನು ಪ್ಲೇಟಿಗೆ ತಾಗಬೇಕು. ಒಂದು ಬದಿ ತಗ್ಗಿಸಿ ಇನ್ನೊಂದು ಬದಿ ಒಂದಿಂಚು ಎತ್ತರಿಸಿದರೆ ಸಣ್ಣದಕ್ಕೂ ದೊಡ್ಡದಕ್ಕೂ ಜಾಗ ಸಿಗುತ್ತದೆ. ಮೊದಲ ದಿನ ಮರಿಗೆ ಅದೇನೆಂದು ಗೊತ್ತಿರುವುದಿಲ್ಲ, ಕೈಯಿಂದ ಒಳಗೆ ತಳ್ಳಿ ಎರಡು ಮೂರು ಸಲ ತೋರಿಸಬೇಕು. ಬೆಳಕಿಲ್ಲದ ಕಾರಣ ಮೊದಲ ಎರಡು ದಿನ ಮೇವು ನೀರು ಕಾಣಲು ಪುಟ್ಟ ಎಲ್‌ಇಡಿಯೊಂದು ಬೇಕು. ಚಿಕ್ಕಮಗಳೂರು, ಕೊಡಗಿನ ಡಿಸೆಂಬರ್ ರಾತ್ರಿಗೆ ತೆರೆದ ಶೆಡ್ಡಿನಲ್ಲಿ ಪ್ಲೇಟೊಂದನ್ನೇ ನಂಬಬೇಡಿ, ಕೋಣೆಯೊಳಗಾದರೆ ನಂಬಿ. ಇತ್ತ ರಾಯಚೂರು, ಕಲಬುರಗಿಯ ಏಪ್ರಿಲಿನಲ್ಲಿ ಹಗಲು ಯಾವ ಸಾಮಾನೂ ಬೇಡ, ನೆರಳು ನೀರು ಸಾಕು. ರಾತ್ರಿಗೆ ಈ ಪ್ಲೇಟಿಗಿಂತ ಒಳ್ಳೆಯದಿಲ್ಲ.

ಕರೆಂಟ್ ಹೋದಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಮನೆಯ 150 ಎಎಚ್ ಬ್ಯಾಟರಿಯ ಇನ್ವರ್ಟರು 250 ವ್ಯಾಟಿನ ಬಲ್ಬನ್ನು ಐದು ಗಂಟೆ ಎಳೆದರೆ ಹೆಚ್ಚು. ಅದೇ ಬ್ಯಾಟರಿ ಪ್ಲೇಟೊಂದನ್ನು ಒಂದು ಹಗಲು ಒಂದು ರಾತ್ರಿ ನಡೆಸುತ್ತದೆ. ಇನ್ವರ್ಟರ್ ಇಲ್ಲದವರು ಬಿಸಿನೀರಿನ ಬಾಟಲಿಗೆ ಗೋಣಿ ಸುತ್ತಿ ನಡುವೆ ಮಲಗಿಸಿ, ಮೇಲೊಂದು ಬಿದಿರ ಮಂಕರಿ ಬೋರಲು ಹಾಕಿ. ಇದ್ದಿಲಿನ ಬಾಂಡ್ಲಿ ಇಡುವ ರೂಢಿ ಇದೆ, ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿ ಮರಿಯನ್ನೂ ಬಿಡದು, ನೋಡಲು ಹೋದ ಮನುಷ್ಯನನ್ನೂ ಬಿಡದು. ಗ್ಯಾಸ್ ಬ್ರೂಡರು ಐನೂರು ಸಾವಿರ ಮರಿಯ ಶೆಡ್ಡಿನವರ ಸಾಮಾನು, ಮನೆ ಹಿತ್ತಲಿಗೆ ಅದರ ಮಾತು ಬೇಡ.

ಬಾತುಮರಿಯ ಲೆಕ್ಕ ಬೇರೆ. ಪ್ಲೇಟು ಅವಕ್ಕೆ ಹೊಂದುವುದಿಲ್ಲ. ವೈಟ್ ಪೆಕಿನ್ ಮರಿ ಒಳ್ಳೆ ಮೇವಿನಲ್ಲಿ ಮೂರು ವಾರಕ್ಕೆ ಒಂದು ಕಿಲೋ ದಾಟುತ್ತದೆ, ಅದಕ್ಕೂ ಮೊದಲೇ ಪ್ಲೇಟಿನಡಿ ಹಿಡಿಸದಾಗುತ್ತದೆ. ಮೇಲಾಗಿ ಬಾತುಮರಿ ಕುಡಿಯುವುದಕ್ಕಿಂತ ಚೆಲ್ಲುವುದು ಹೆಚ್ಚು. ಒದ್ದೆ ಮೈಯಲ್ಲಿ ಪ್ಲೇಟಿನಡಿ ನುಗ್ಗಿದರೆ ಅಲ್ಲೇ ಕೆಸರು, ಅಲ್ಲೇ ಬೂಷ್ಟು. ಅವಕ್ಕೆ ಮೇಲಿನಿಂದ ಒಣಗಿಸುವ 150 ವ್ಯಾಟಿನ ಕೆಂಪು ಬಲ್ಬೇ ಸರಿ, ಆದರೆ ನೀರು ಮತ್ತೊಂದು ತುದಿಗಿರಬೇಕು. ಕಾದ ಗಾಜಿಗೆ ನೀರು ಸಿಡಿದರೆ ಗಟ್ಟಿ ಗಾಜಿನದಲ್ಲದ ಬಲ್ಬು ಟಪ್ ಅಂತ ಒಡೆಯುತ್ತದೆ. ಡ್ರಿಂಕರನ್ನು ಅರ್ಧ ಇಂಚಿನ ವೆಲ್ಡ್ ಮೆಶ್ ಹೊದಿಸಿದ ಟ್ರೇ ಮೇಲಿಡಿ, ಚೆಲ್ಲಿದ್ದು ಕೆಳಗಿಳಿಯುತ್ತದೆ. ನೀರು ಮೂಗಿನ ಹೊಳ್ಳೆ ಅದ್ದುವಷ್ಟು ಆಳವಿರಲಿ, ಮೈ ಇಳಿಯುವಷ್ಟು ಅಗಲ ಬೇಡ. ಬಾತು ಅಂದಮೇಲೆ ಈಜುತ್ತದಲ್ಲ ಅಂತ ಬಾನಿಗೆ ಬಿಡುವವರಿದ್ದಾರೆ. ತಾಯಿಯಿಲ್ಲದ ಮರಿಯ ತುಪ್ಪುಳಕ್ಕೆ ಎಣ್ಣೆಯ ಪಸೆ ಇರುವುದಿಲ್ಲ, ನೆನೆದು ಚಳಿಗೆ ಸೆಟೆದು ಸಾಯುತ್ತದೆ.

ಕಾಲು ಸೊಟ್ಟಗಾದರೆ ಎಲ್ಲರೂ ಕಾವು ಸಾಲಲಿಲ್ಲ ಅನ್ನುತ್ತಾರೆ. ಬಾತುಮರಿಯಲ್ಲಿ ಅದು ಬಹಳ ಸಲ ನಿಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆ: ಮೇವಿನ ಕಿಲೋಗೆ 55 ಮಿಲಿಗ್ರಾಂ ಬೇಕು, ಕೋಳಿಮರಿಯ ಮೊದಲ ವಾರಗಳ ಮೇವಾದ ಸ್ಟಾರ್ಟರಿನಲ್ಲಿ ಅಷ್ಟಿರುವ ಖಾತರಿಯಿಲ್ಲ. ಬ್ರೂಯರ್ಸ್ ಯೀಸ್ಟ್ ಬೆರೆಸಿ, ಹೊಸ ಬಲ್ಬಿಗೆ ದುಡ್ಡು ಸುರಿಯಬೇಡಿ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯನ್ನಂತೂ ತೋರಿಸಲೂಬೇಡಿ. ಆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಕೋಳಿಮರಿಗಿಂತ ಬಾತುಮರಿಗೆ ಬಲು ಬೇಗ ತಾಗುತ್ತದೆ. ಎರಡು ಜಾತಿಯನ್ನೂ ಒಂದೇ ಗಾರ್ಡಿನಲ್ಲಿ ಬಿಡುವ ಯೋಚನೆಯೂ ಬೇಡ, ಒಂದು ಒದ್ದೆ ಮಾಡಿದ್ದಕ್ಕೆ ಇನ್ನೊಂದು ಸಾಯುತ್ತದೆ.

ಹಿತ್ತಲಲ್ಲಿ ಹದಿನೈದು ಇಪ್ಪತ್ತು ಗಿರಿರಾಜ, ಸ್ವರ್ಣಧಾರ ತಳಿಯ ಕೋಳಿಮರಿ ಸಾಕುವವರಿಗೆ ಪ್ಲೇಟು. ಬಾತಿನವರಿಗೆ, ತೆರೆದ ಶೆಡ್ಡಿನವರಿಗೆ ಪಿಂಗಾಣಿ ಹೋಲ್ಡರಿನ ಕೆಂಪು ಬಲ್ಬು. ಥರ್ಮೋಸ್ಟಾಟಿನ ಜೊತೆ ಒದ್ದಾಡುವ ಉತ್ಸಾಹ ಇದ್ದವರಿಗೆ ಸೆರಾಮಿಕ್ಕು. ಯಾವುದನ್ನೇ ತಂದರೂ ಮರಿ ಬರುವ ಹಿಂದಿನ ದಿನವೇ ಖಾಲಿ ಬ್ರೂಡರಿನಲ್ಲಿ ಇಡೀ ರಾತ್ರಿ ಉರಿಸಿ, ಬೆಳಗಿನ ಐದು ಗಂಟೆಗೆ ಹೊಟ್ಟಿನೊಳಗೆ ಕೈ ತೂರಿಸಿ ನೋಡಿ. ಮೇಲೆ ಬಿಸಿಯಾಗಿ ಅಡಿಯಲ್ಲಿ ತಣ್ಣಗಿದ್ದರೆ ಹೊಟ್ಟು ಇನ್ನೂ ಒಂದಿಂಚು ಬೇಕು.