ಮದುವೆ, ಪ್ರಾಡಕ್ಟ್, ಸ್ಟಾಕ್: ಫ್ರೀಲ್ಯಾನ್ಸ್ ಫೋಟೋಗ್ರಾಫರ್ ಯಾವುದನ್ನು ಹಿಡಿಯಬೇಕು?

ಮೊದಲು ದುಡ್ಡಿನ ವಿಷಯ. ಮದುವೆಯಲ್ಲಿ ಅಡ್ವಾನ್ಸ್ ಬೇಗ ಕೈಗೆ ಬರುತ್ತದೆ, ಸೀಸನ್ ಮುಗಿದರೆ ಕೈ ಖಾಲಿ. ಪ್ರಾಡಕ್ಟ್ ಶೂಟ್‌ನಲ್ಲಿ ಬಿಲ್ ಪಾಸಾಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದರೆ ಒಂದು ಕಂಪನಿಗೆ ನಿಮ್ಮ ಕೆಲಸ ಹಿಡಿಸಿದರೆ ಹೊಸ ಮಾಲು ಬಂದಾಗಲೆಲ್ಲ ನಿಮ್ಮನ್ನೇ ಕರೆಯುತ್ತಾರೆ. ಮದುವೆ ಗಿರಾಕಿ ಹಾಗೆ ಮತ್ತೆ ಮತ್ತೆ ಬರುವುದಿಲ್ಲ, ಬರಲೂಬಾರದು ಅಲ್ವಾ! ಸ್ಟಾಕ್ ಸೈಟ್‌ಗಳಲ್ಲಿ, ಅಂದರೆ ನೀವು ಹಾಕಿಟ್ಟ ಫೋಟೋವನ್ನು ಬೇಕಾದವರು ದುಡ್ಡು ಕೊಟ್ಟು ಇಳಿಸಿಕೊಳ್ಳುವ ವೆಬ್‌ಸೈಟ್‌ಗಳಲ್ಲಿ, ಒಂದು ಡೌನ್‌ಲೋಡಿಗೆ ಸಿಗುವುದು ಸಾಮಾನ್ಯವಾಗಿ ಚಿಲ್ಲರೆ ಕಾಸು.

ಸಾಮಾನಿನ ಲೆಕ್ಕ ಬೇರೆ. ಮದುವೆಗೆ ಎರಡು ಕ್ಯಾಮೆರಾ ಇರಲಿ, ಒಂದೇ ಫೋಟೋ ಎರಡು ಮೆಮೊರಿ ಕಾರ್ಡಿಗೂ ಹೋಗುವಂತೆ ಎರಡು ಕಾರ್ಡ್ ಸ್ಲಾಟ್ ಇರುವಂಥವು. ತಾಳಿ ಕಟ್ಟುವಾಗ ಕಾರ್ಡ್ ಕೈಕೊಟ್ಟರೆ ಇನ್ನೊಮ್ಮೆ ಕಟ್ಟಿ ಅನ್ನೋಕಾಗಲ್ಲ. ಪ್ರಾಡಕ್ಟ್‌ಗೆ ಲೈಟೇ ಜೀವ. ಹೊಳೆಯುವ ಬಾಟಲಿಯಲ್ಲಿ ನಿಮ್ಮ ಮುಖವೇ ಕಾಣದಂತೆ ಡಿಫ್ಯೂಸರ್ (ಬೆಳಕನ್ನು ಮೃದು ಮಾಡುವ ಪರದೆ) ಅತ್ತಿತ್ತ ಸರಿಸುವುದರಲ್ಲೇ ಅರ್ಧ ದಿನ ಹೋಗಬಹುದು. ತಪ್ಪಿದರೆ ಮತ್ತೆ ತೆಗೆಯಬಹುದು, ಅಷ್ಟೇ ಸಮಾಧಾನ. ಸ್ಟಾಕ್‌ಗೆ ಇರುವ ಕ್ಯಾಮೆರಾ ಸಾಕು. ಆದರೆ ಗುರುತು ಸಿಗುವ ಮುಖ ಇದ್ದರೆ, ಆ ಫೋಟೋ ಜಾಹೀರಾತಿಗೂ ಹೋಗಬೇಕಾದರೆ ಆ ವ್ಯಕ್ತಿಯಿಂದ ಮಾಡೆಲ್ ರಿಲೀಸ್‌ಗೆ, ಅಂದರೆ ಫೋಟೋ ಬಳಸಲು ಒಪ್ಪಿಗೆ ಪತ್ರಕ್ಕೆ, ಸಹಿ ಹಾಕಿಸಿ.

ಜನರ ಜೊತೆ ಸಲೀಸಾಗಿ ಬೆರೆಯುತ್ತೀರಾ, ದುಡ್ಡು ಬೇಗ ಬೇಕಾ? ಮದುವೆ ಹಿಡಿಯಿರಿ. ಕೆಲವು ತಿಂಗಳ ಖರ್ಚಿಗೆ ಉಳಿತಾಯ ಇದೆ, ಒಬ್ಬರೇ ತಾಳ್ಮೆಯಿಂದ ಕೂರಬಲ್ಲಿರಿ ಅಂದರೆ ಪ್ರಾಡಕ್ಟ್. ಸ್ಟಾಕ್ ಬೇರೆ ಆದಾಯ ಇರುವವರಿಗೆ. ಅದನ್ನೊಂದೇ ನಂಬಿ ಇರುವ ಕೆಲಸ ಬಿಡಬೇಡಿ.